ಕೆರೆಯಂಗಳದ ಚೆಂಡು

2023ರ ಮೇ 20ರಂದು ನಂಜನಗೂಡು, ತಿ. ನರಸೀಪುರ ಕಡೆಯ ಹಳ್ಳಿಗಳಿಂದ ಬೆಂಗಳೂರಿಗೆ ಹೊರಟ ಬಸ್ಸುಗಳಲ್ಲೊಂದರಲ್ಲಿ ನಾನೂ ನಮ್ಮ ದೊಡ್ಡಪ್ಪನೂ ಇದ್ದೆವು. ವರುಣಾ ಕ್ಷೇತ್ರದೊಳಗೆ ಈ ಎರಡೂ ತಾಲ್ಲೂಕಿನ ಹಳ್ಳಿಗಳು ಬರುತ್ತವೆ. ಅಲ್ಲಿಂದ ಗೆದ್ದ ಸಿದ್ದರಾಮಯ್ಯನವರು ಎರಡನೆಯ ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಳ್ಳುವ ದಿನ ಅದು. ಹತ್ತು ವರ್ಷದ ಹಿಂದೆ, 2013ರ ಮೇ 13ರಂದು, ಮೊದಲ ಪ್ರಮಾಣವಚನವೂ ಇದೇ ಜಾಗದಲ್ಲಿ ನಡೆದಿತ್ತು. ಬೆಳಗಿನ ಜಾವಕ್ಕೇ ಎದ್ದು, ಬುತ್ತಿ ಕಟ್ಟಿಕೊಂಡು, ಮದ್ದೂರಿನಲ್ಲಿ ಕಾಫಿ ಕುಡಿದು, ಕೊನೆಗೆ ಜನರ ನೂಕಾಟದಲ್ಲಿ ನಾವು ಕಂಠೀರವ ಕ್ರೀಡಾಂಗಣದ ಗೇಟಿನ ಮುಂದೆ ನಿಂತಾಗ ದೊಡ್ಡಪ್ಪ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದರು.

“ಶ್ರೀ ಕಂಠೀ... ಏನ್ ಮಗ, ಇದೂ ನಮ್ಮಪ್ಪನ ಹೆಸ್ರುದ್ದೇಯಾ?”

ನಂಜನಗೂಡಿನವರಿಗೆ ‘ನಮ್ಮಪ್ಪ’ ಎಂದರೆ ನಂಜುಂಡಪ್ಪ, ಶ್ರೀಕಂಠೇಶ್ವರ. ಕಂಠ ಎಂದರೆ ನಂಜು ನಿಂತ ಜಾಗ. ಕಂಠೀರವ ಬೇರೆ ಪದ, ಅದಕ್ಕೆ ಸಿಂಹ ಎಂಬ ಅರ್ಥ. ಮೈಸೂರು ಅರಸು ಮನೆತನದಲ್ಲಿ ಈ ಹೆಸರು ಮತ್ತೆ ಮತ್ತೆ ಬಂದಿದೆ. ಜಟ್ಟಿಗಳನ್ನು ಕೆಡವಿದ ಕಥೆಗಳಿಂದ ಹೆಸರಾದ ರಣಧೀರ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದರು, ‘ಕಂಠೀರಾಯ ಹಣ’ ಎಂಬ ಪುಟ್ಟ ಚಿನ್ನದ ನಾಣ್ಯ ಹೊರಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರಿದ್ದರು, ಜಯಚಾಮರಾಜೇಂದ್ರ ಒಡೆಯರ ತಂದೆ. ಸಿಂಹ ಎಂದಮೇಲೆ ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯೂ ದೂರದವನಲ್ಲ. ಹೆಸರಿನ ಅರ್ಧ ನಂಜನಗೂಡಿಗೆ, ಅರ್ಧ ನರಸೀಪುರಕ್ಕೆ ಹಂಚಿಬಿಡೋಣ ದೊಡ್ಡಪ್ಪ ಎಂದೆ. ಅವರಿಗೆ ಆ ತೀರ್ಮಾನ ಒಪ್ಪಿಗೆಯಾಯಿತು.

ಒಳಗೆ ನಮಗೆ ಸಿಕ್ಕ ಕುರ್ಚಿಗಳು ಫುಟ್‌ಬಾಲ್ ಆಡುವ ಬಯಲಿನ ಮೇಲೇ ಇದ್ದವು. ಇದು ಮೊದಲು ಕೆರೆಯಾಗಿತ್ತು ಎಂದು ಸುಮ್ಮನೆ ಮಾತಿಗೆ ಹೇಳಿದೆ. ದೊಡ್ಡಪ್ಪ ಚಪ್ಪಲಿ ಕಳಚಿ ಅಂಗಾಲಿನಿಂದ ನೆಲ ಒತ್ತಿ ನೋಡಿದರು. ಗದ್ದೆಗೆ ಇಳಿಯುವ ಮುಂಚೆ ಹದ ನೋಡುವುದೂ ಹಾಗೆಯೇ.

ಕೆರೆಯ ಹೆಸರು ಸಂಪಂಗಿ. ಕೆಂಪೇಗೌಡರ ಕಾಲದ್ದೆಂದು ಪ್ರತೀತಿ. ಇತ್ತ ಪೇಟೆ, ಅತ್ತ ಇಂಗ್ಲಿಷರ ದಂಡು, ನಡುವೆ ಈ ನೀರು. ಎರಡು ಬೆಂಗಳೂರುಗಳ ಗಡಿಕಲ್ಲಿನಂತಿದ್ದ ಈ ಕೆರೆಯ ಸುತ್ತ ತಿಗಳರು ತರಕಾರಿ, ಹೂವು ಬೆಳೆಯುತ್ತಿದ್ದರು. ದನ ಮೇಯುತ್ತಿದ್ದವು, ಕೆರೆಯ ಮಣ್ಣಿನಿಂದ ಇಟ್ಟಿಗೆ ಕೊಯ್ಯುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಪೇಟೆಯೂ ದಂಡೂ ಇದರ ನೀರು ಕುಡಿಯುತ್ತಿದ್ದವು. 1890ರ ದಶಕದಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳಾಯಿಯಲ್ಲಿ ಬಂತು. ಆ ದಿನದಿಂದ ಊರಿನ ದೊಡ್ಡ ಜನಕ್ಕೆ ಸಂಪಂಗಿ ಕೆರೆ ಬೇಡವಾಯಿತು. ಸಣ್ಣ ಜನಕ್ಕೆ ಬೇಕಾಗಿಯೇ ಇತ್ತು.

ಈ ಜಗ್ಗಾಟದ ಕಥೆಯನ್ನು ಹರಿಣಿ ನಾಗೇಂದ್ರ, ಹಿತಾ ಉನ್ನಿಕೃಷ್ಣನ್ ಮತ್ತು ಅವರ ಜೊತೆಗಾರರು ಹಳೆಯ ಸರ್ಕಾರಿ ಕಡತ, ನಕಾಶೆಗಳಿಂದ ಬಿಡಿಸಿಟ್ಟಿದ್ದಾರೆ. ನೀರು ಇಳಿದ ಕೆರೆಯಂಗಳ ಕುದುರೆ ಓಡಿಸಲು ಚೆನ್ನ, ಅಲ್ಲಿ ಪೋಲೊ ಆಡತೊಡಗಿದರು. ಕೆರೆ ತುಂಬಿದರೆ ಪೋಲೊ ಇಲ್ಲ, ಪೋಲೊ ಆಡಬೇಕಾದರೆ ಕೆರೆ ತುಂಬಕೂಡದು. ತೋಟದವರು ನೀರು ನಿಲ್ಲಿಸಿ ಎಂದು ಅರ್ಜಿ ಹಾಕಿದರು. ಸುತ್ತ ಬಂಗಲೆ ಕಟ್ಟಿಕೊಂಡವರು ಸೊಳ್ಳೆ ಹೆಚ್ಚಾಗಿದೆ, ಬತ್ತಿಸಿ ಎಂದರು. ಇಟ್ಟಿಗೆ ಕೊಯ್ಯುವವರನ್ನು ಮೊದಲು ಎಬ್ಬಿಸಿದರು. ಯಾರ ಅರ್ಜಿಗೆ ತೂಕ ಹೆಚ್ಚಾಗಿತ್ತು ಎಂಬುದಕ್ಕೆ ಈಗ ಅಲ್ಲಿ ನಿಂತಿರುವ ದೀಪದ ಕಂಬಗಳೇ ಸಾಕ್ಷಿ. ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳ ಹೊತ್ತಿಗೆ ಕೆರೆಯಂಗಳ ಕ್ರೀಡಾಂಗಣವಾಗುವ ದಾರಿ ಹಿಡಿದಾಗಿತ್ತು.

ಪೂರಾ ಹೋಗಲಿಲ್ಲ ಎನ್ನಬೇಕು. ಕ್ರೀಡಾಂಗಣದ ಮಗ್ಗುಲಲ್ಲಿ ಈಗಲೂ ಒಂದು ಚಿಕ್ಕ ಕೊಳ ಉಳಿದಿದೆ. ಚೈತ್ರದ ಹುಣ್ಣಿಮೆಗೆ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುವ ಮುನ್ನ ನಡೆಯುವ ವಿಧಿಗಳಿಗೆ ಸಂಪಂಗಿ ಕೆರೆಯಂಗಳವೇ ಆಗಬೇಕು. ಕತ್ತಿ ಹಿಡಿದ ವೀರಕುಮಾರರು ಅಲ್ಲಿಗೆ ಬರುತ್ತಾರೆ. ತೋಟಗಳು ಹೋಗಿ ಎಷ್ಟೋ ಕಾಲವಾದರೂ ತಿಗಳರು ಕೆರೆಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ದಾಖಲೆಯಲ್ಲಿ ಇಲ್ಲದ ಪಹಣಿ ಅದು.

ಸಂಪಂಗಿಯೊಂದೇ ಆಗಿದ್ದರೆ ಇದು ಒಂದು ಕೆರೆಯ ದುರದೃಷ್ಟ ಎನ್ನಬಹುದಿತ್ತು. ಇಲ್ಲಿಂದ ಹೆಚ್ಚು ದೂರವಿಲ್ಲದ ಅಶೋಕನಗರಕ್ಕೆ ಹಿಂದೆ ಶೂಲೆ ಎಂದು ಹೆಸರು. ಶೂಲೆ ಕೆರೆ ಇದ್ದ ಕಡೆ ಈಗ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಇದೆ. ಶಾಂತಿನಗರದ ಕಡೆ ನಡೆದರೆ ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಗಿದೆ. ಚಲ್ಲಘಟ್ಟ ಕೆರೆಯಂಗಳದಲ್ಲಿ ಗಾಲ್ಫ್ ಆಡುತ್ತಾರೆ. ಧರ್ಮಾಂಬುಧಿಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕೂತಿದೆ, ಅದು ಆಟವಲ್ಲ, ಆದರೂ ಹಬ್ಬದ ಹಿಂದಿನ ರಾತ್ರಿ ಅಲ್ಲಿ ಸೀಟು ಹಿಡಿದವರಿಗೆ ಅದೂ ಒಂದು ಪಂದ್ಯವೇ. ಬೆಂಗಳೂರಿನಲ್ಲಿ ಚೆಂಡು ಉರುಳುವ ಜಾಗ ಹುಡುಕುತ್ತ ಹೋದರೆ ಕಾಲ ಕೆಳಗೆ ಕೆರೆ ಸಿಗುತ್ತದೆ. ಕಾರಣ ಸರಳ. ಒತ್ತೊತ್ತಾಗಿ ಬೆಳೆದ ಊರಿನೊಳಗೆ ಚಪ್ಪಟೆಯಾಗಿ, ಮನೆ ಇಲ್ಲದೆ, ಒಬ್ಬರ ಹೆಸರಿಗೆ ಬರೆಯದೆ ಉಳಿದಿದ್ದ ನೆಲ ಕೆರೆಯದ್ದು ಮಾತ್ರ.

ಚೆಂಡು ಬಂದದ್ದು ಹೇಗೆ ಎಂಬ ಕಥೆಯೂ ನೀರಿನಿಂದಲೇ ಶುರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರ ಪಡೆ ಕಾವೇರಿ ನಡುವಿನ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಸೊಳ್ಳೆ, ಚಳಿಜ್ವರ ತಡೆಯಲಾಗದೆ 1809ರಲ್ಲಿ ಪಡೆಯನ್ನು ಬೆಂಗಳೂರಿಗೆ ಸಾಗಿಸಿದರು. ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಸಿಪಾಯಿಗಳ ಜೊತೆ ಬ್ಯಾಂಡು, ಬೇಕರಿ, ಚರ್ಚು ಬಂದವು, ಮುಂದೆ ಫುಟ್‌ಬಾಲೂ ಬಂತು. ದಂಡಿನ ಸೇವೆಗೆಂದು ಬಂದು ನೆಲೆಸಿದ ತಮಿಳು, ಉರ್ದು ಮಾತಿನ ಕುಟುಂಬಗಳ ಮಕ್ಕಳು ಗೆರೆಯಾಚೆ ನಿಂತು ನೋಡಿ ಕಲಿತರು. ಆಸ್ಟಿನ್ ಟೌನ್, ಹಲಸೂರು, ಶೂಲೆಯ ಗಲ್ಲಿಗಳಲ್ಲಿ ಬರಿಗಾಲಲ್ಲಿ ಆಡಿದರು. ಹಲಸೂರಿನ ಮಗ್ಗುಲ ಗೌತಮಪುರಕ್ಕೆ ಇಂದಿಗೂ ‘ಮಿನಿ ಬ್ರೆಜಿಲ್’ ಎಂಬ ಅಡ್ಡಹೆಸರಿದೆ. ಅಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ, ಅಂಬೇಡ್ಕರ್, ಬುದ್ಧ, ಮದರ್ ತೆರೇಸಾರ ಸಾಲಿನಲ್ಲಿ. ಊರೂರಲ್ಲಿ ಸರ್ಕಲ್ಲಿಗೊಂದು ಪ್ರತಿಮೆ ನಿಲ್ಲಿಸುವ ನಾವು ಕಾಲ್ಚೆಂಡಿನವನೊಬ್ಬನನ್ನು ಹೀಗೆ ನಿಲ್ಲಿಸಿದ್ದನ್ನು ಬೇರೆ ಕಡೆ ನಾನು ಕಂಡಿಲ್ಲ.

ಗಲ್ಲಿಯ ಆ ಆಟ ಎಷ್ಟು ಎತ್ತರಕ್ಕೆ ಹೋಯಿತು ಎಂಬುದನ್ನು ನಮ್ಮ ಶಾಲೆಯ ಪಾಠಗಳಲ್ಲಿ ಯಾರೂ ಹೇಳಲಿಲ್ಲ. ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾಗಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಗೋರಾ ಪಲ್ಟನ್ನುಗಳ ಕೈಯಲ್ಲೇ ತಿರುಗುತ್ತಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ಕ್ಲಬ್ಬು ಕಲ್ಕತ್ತೆಯದಲ್ಲ, ಬೆಂಗಳೂರಿನದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗನ್ನು ಒಂದು ಗೋಲಿನಿಂದ ಸೋಲಿಸಿತು. ಮರುವರ್ಷವೂ ಕಪ್ ಅವರದೇ. 1948ರಲ್ಲಿ ಮೋಹನ್ ಬಗಾನನ್ನು ಮಣಿಸಿ ಮೂರನೆಯ ಸಲ ತಂದರು.

ಅದೇ 1948ರ ಜುಲೈ 31. ಲಂಡನ್ನಿನ ಅಂಚಿನ ಇಲ್‌ಫೋರ್ಡ್‌ನಲ್ಲಿ ಒಲಿಂಪಿಕ್ ಪಂದ್ಯ, ಎದುರಿಗೆ ಫ್ರಾನ್ಸ್. ಭಾರತ ತಂಡದ ಹೆಚ್ಚಿನವರ ಕಾಲಲ್ಲಿ ಬೂಟು ಇರಲಿಲ್ಲ. ಫ್ರಾನ್ಸ್ ಒಂದು ಗೋಲು ಹೊಡೆದಿತ್ತು. ಎಪ್ಪತ್ತನೆಯ ನಿಮಿಷದ ಹೊತ್ತಿಗೆ ಸಮ ಮಾಡಿದವರು ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಅದು. ಆ ಪಂದ್ಯದಲ್ಲಿ ಸಿಕ್ಕ ಎರಡು ಪೆನಾಲ್ಟಿಗಳನ್ನೂ ನಮ್ಮವರು ಕಳೆದುಕೊಂಡರು, ಕೊನೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ಹೆಸರಾಂತ ‘ಪಂಚಪಾಂಡವ’ರಲ್ಲಿ ಒಬ್ಬರಾದರು. ಚೆಂಡನ್ನು ಹಾವಿನಂತೆ ಆಡಿಸುತ್ತಿದ್ದರೆಂದು ಬಂಗಾಳಿಗಳು ಅವರನ್ನು ಹಾವಾಡಿಗ ಎಂದು ಕರೆಯುತ್ತಿದ್ದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ನಾವು ಮುಟ್ಟಿದ ತುದಿ ಅದು. ಆ ತಂಡದಲ್ಲಿಯೂ 1960ರ ರೋಮ್ ತಂಡದಲ್ಲಿಯೂ ಎಂ. ಕೆಂಪಯ್ಯ ಇದ್ದರು. ಪತ್ರಿಕೆಗಳ ಹಳೆಯ ತಂಡದ ಪಟ್ಟಿಗಳಲ್ಲಿ ಬ್ಯಾನರ್ಜಿ, ಗೋಸ್ವಾಮಿಗಳ ನಡುವೆ ಕೆಂಪಯ್ಯ ಎಂದು ಓದುವಾಗ ನಮ್ಮೂರ ಸಂತೆಯಲ್ಲಿ ಗುರುತಿನವರು ಸಿಕ್ಕಂತಾಗುತ್ತದೆ.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯಲ್ಲಿ ಮೈಸೂರು ನಾಲ್ಕು ಸಲ ಗೆದ್ದಿತು: 1946-47, 1952-53, 1967-68, 1968-69. ನಾಲ್ಕು ಸಲವೂ ಫೈನಲ್‌ನಲ್ಲಿ ಎದುರಿಗಿದ್ದದ್ದು ಬಂಗಾಳ. ಹುಡುಗರನ್ನು ಸಾಕಿದ್ದು ಕಾರ್ಖಾನೆಗಳು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ ಬಂದವು. ಚೆನ್ನಾಗಿ ಒದೆಯುವವನಿಗೆ ಅಲ್ಲಿ ಒಂದು ಹುದ್ದೆ, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ಬಿಡುವು, ನಿವೃತ್ತಿಗೆ ಪಿಂಚಣಿ. ಎಂಇಜಿಯಂಥ ಸೇನಾ ತಂಡಗಳೂ ಇದ್ದವು. ಗಲ್ಲಿಯಿಂದ ಬಂದವನಿಗೆ ಆಟವೇ ಅನ್ನವಾಗುವ ದಾರಿ ಅದೊಂದೇ ಆಗಿತ್ತು. ನಂಜನಗೂಡಿಗೆ ಕೈಗಾರಿಕಾ ಪ್ರದೇಶ ಬಂದು ಕಾರ್ಖಾನೆಗಳು ಏಳುವ ಹೊತ್ತಿಗೆ ಕಂಪನಿ ತಂಡಗಳ ಕಾಲ ಸವೆಯುತ್ತಿತ್ತು. ನಮ್ಮ ಹುಡುಗರಿಗೆ ಪಾಳಿ ಸಿಕ್ಕಿತು, ತಂಡ ಸಿಗಲಿಲ್ಲ.

ಇಷ್ಟೆಲ್ಲ ಆಡಿದ ಊರು ತನ್ನದೇ ಒಂದು ಫುಟ್‌ಬಾಲ್ ಮೈದಾನವನ್ನು ಹೇಗೆ ಇಟ್ಟುಕೊಂಡಿತು? 1949ರವರೆಗೆ ಬೆಂಗಳೂರಿಗೆ ಎರಡು ಮುನಿಸಿಪಾಲಿಟಿ, ಪೇಟೆಯದೊಂದು, ದಂಡಿನದೊಂದು. ಆ ವರ್ಷ ಎರಡನ್ನೂ ಕೂಡಿಸಿ ಕಾರ್ಪೊರೇಷನ್ ಮಾಡಿದರು. ಅದರ ಕಚೇರಿ ಹಡ್ಸನ್ ಸರ್ಕಲ್ಲಿನಲ್ಲಿ, ಕಂಠೀರವಕ್ಕೆ ಕೂಗಳತೆಯಲ್ಲೇ ಇತ್ತು. ಆದರೂ ಕಂಠೀರವ ಕಾರ್ಪೊರೇಷನ್ನಿನದಾಗಲಿಲ್ಲ, ರಾಜ್ಯ ಸರ್ಕಾರದ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆಯದು. ಅಶೋಕನಗರದ ಸ್ಟೇಡಿಯಂ ನಡೆಸುವುದು ರಾಜ್ಯ ಫುಟ್‌ಬಾಲ್ ಸಂಸ್ಥೆ. ಕಾರ್ಪೊರೇಷನ್ನಿನ ಪಾಲಿಗೆ ಉಳಿದವು ವಾರ್ಡಿನ ಆಟದ ಬಯಲುಗಳು. ಅವೇ ಮೊದಲ ಪಾಠಶಾಲೆ ಎಂಬುದನ್ನು ಆಸ್ಟಿನ್ ಟೌನಿನವರು ಯಾರಾದರೂ ಒಪ್ಪಿಯಾರು. ಯಾರ ಆಸ್ತಿ ಎಂಬ ಪ್ರಶ್ನೆ ಬೇಸರದ್ದು ಅನ್ನಿಸಬಹುದು. ಆದರೆ ಬೆಳಗಿನ ಐದೂವರೆಗೆ ಗೇಟಿನ ಬೀಗ ತೆಗೆಯುವವನ ಸಂಬಳ ಎಲ್ಲಿಂದ ಬರುತ್ತದೆ ಎಂಬುದೂ ಅದೇ ಪ್ರಶ್ನೆ. ಆಟ ಉಳಿಯುವುದು ಅವನ ಮೇಲೆ.

ಅಶೋಕನಗರದ ಸ್ಟೇಡಿಯಮ್ಮಿನ ಸುಖ ಬೇರೆ. ಸುತ್ತ ಓಟದ ಟ್ರ್ಯಾಕ್ ಇಲ್ಲ. ಗೆರೆಯ ಪಕ್ಕಕ್ಕೇ ಮೆಟ್ಟಿಲು. ಎದುರಾಳಿ ಆಟಗಾರ ಥ್ರೋ ಎಸೆಯಲು ಬಂದರೆ ಅವನ ಕಿವಿಗೆ ಬೀಳುವಂತೆ ಮಾತು ಎಸೆಯಬಹುದು. ಬೈಗುಳದಲ್ಲಿ ತಮಿಳು, ಉರ್ದು, ಕನ್ನಡ, ಇಂಗ್ಲಿಷು ಬೆರೆತಿರುತ್ತವೆ, ಅರ್ಥವಾಗದವರು ಯಾರೂ ಇರುವುದಿಲ್ಲ. ಜಿಲ್ಲಾ ಲೀಗಿನ ಡಿವಿಷನ್ನುಗಳು ಇಲ್ಲೇ ನಡೆದಿವೆ, ಬಿಸಿಲಲ್ಲಿ, ಐವತ್ತು ನೂರು ಜನರ ಮುಂದೆ. ಒಂದು ಬದಿಯ ಮೆಟ್ಟಿಲು ಶಿಥಿಲವಾಗಿ ಜನ ಕೂರದಂತಾದರೂ ಆಟ ನಿಲ್ಲಲಿಲ್ಲ. ಹುಲ್ಲು ತೆಗೆದು ಕೃತಕ ಹಾಸು ಹಾಕಿದರು, ಮಳೆಗಾಲದ ಕೆಸರು ತಪ್ಪಿತು, ಮಂಡಿ ತರಚುವುದು ಹೆಚ್ಚಾಯಿತು.

2013ರ ಸೆಪ್ಟೆಂಬರ್ 22ರಂದು ಇಲ್ಲಿ ಹೊಸದೊಂದು ತಂಡ ಮೊದಲ ಪಂದ್ಯ ಆಡಿತು. ಬೆಂಗಳೂರು ಎಫ್‌ಸಿ, ಎದುರಿಗೆ ಮೋಹನ್ ಬಗಾನ್, 1-1. ಪಶ್ಚಿಮದ ಮೆಟ್ಟಿಲಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುತ್ತಿದ್ದ ಹುಡುಗರು ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಂಡರು. ಹುಟ್ಟಿ ವರ್ಷ ತುಂಬುವ ಮೊದಲೇ, 2014ರ ಏಪ್ರಿಲ್‌ನಲ್ಲಿ, ತಂಡ ಐ-ಲೀಗ್ ಗೆದ್ದಿತು. ಆಮೇಲೆ ಕಂಠೀರವಕ್ಕೆ ಬಂದರು. ಶೂಲೆ ಕೆರೆಯಿಂದ ಸಂಪಂಗಿ ಕೆರೆಗೆ. ಮೆಟ್ಟಿಲು ಬದಲಾಯಿತು, ವೆಸ್ಟ್ ಬ್ಲಾಕ್ ಎಂಬ ಹೆಸರು ಹಾಗೇ ಉಳಿಯಿತು.

ಈಗ ನಾವು ನೋಡುವ ಕಂಠೀರವ ರೂಪುಗೊಂಡದ್ದು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ. ಇಪ್ಪತ್ತೈದು ಸಾವಿರದ ಆಸುಪಾಸು ಜನ ಕೂರಬಹುದಾದ ಮೆಟ್ಟಿಲುಗಳು, ಎಂಟು ಓಣಿಗಳ ಸಿಂಥೆಟಿಕ್ ಟ್ರ್ಯಾಕು, ಒಳಗೆ ಹುಲ್ಲಿನ ಫುಟ್‌ಬಾಲ್ ಬಯಲು, ರಾತ್ರಿ ಆಟಕ್ಕೆ ದೀಪಗಳು, ಪಕ್ಕದಲ್ಲಿ ಒಳಾಂಗಣ ಕ್ರೀಡಾಂಗಣ. ಬೆಳಗ್ಗೆ ಹೋದರೆ ಟ್ರ್ಯಾಕಿನ ಮೇಲೆ ರಾಜ್ಯದ ಓಟಗಾರರು, ಹರ್ಡಲ್ಸ್ ಹಾರುವವರು, ಮಕ್ಕಳನ್ನು ಕರೆತಂದು ಕಂಬಿಯಾಚೆ ಟಿಫನ್ ಡಬ್ಬಿ ಹಿಡಿದು ಕಾಯುವ ತಾಯಂದಿರು. ಸಂಜೆಗೆ ನೀಲಿ ಅಂಗಿಯವರು.

ಒಂದೇ ನೆಲಕ್ಕೆ ಇಬ್ಬರು ಒಕ್ಕಲಾದರೆ ಏನಾಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಫುಟ್‌ಬಾಲಿಗೆ ಬಿಲ್ಲಿಯರ್ಡ್ಸ್ ಮೇಜಿನಂಥ ಹುಲ್ಲು ಬೇಕು. ಹ್ಯಾಮರ್, ಡಿಸ್ಕಸ್, ಜಾವೆಲಿನ್ ಬಿದ್ದಲ್ಲೆಲ್ಲ ಹುಲ್ಲು ಕಿತ್ತು ಗುಂಡಿಯಾಗುತ್ತದೆ. ಎಸೆಯುವವರು ಎಲ್ಲಿಗೆ ಹೋಗಬೇಕು? ಟ್ರ್ಯಾಕು ಮೊದಲು ನಮ್ಮದು ಎಂದು ಅಥ್ಲೀಟುಗಳು, ಅವರ ತರಬೇತುದಾರರು. ದುಡ್ಡು ಹಾಕಿ ಹುಲ್ಲು ಸಾಕುತ್ತಿರುವವರು ನಾವು ಎಂದು ಕ್ಲಬ್ಬಿನ ಕಡೆಯವರು. ತಕರಾರು ಹೈಕೋರ್ಟಿನವರೆಗೂ ಹೋಯಿತು. ಇಬ್ಬರ ಮಾತಿನಲ್ಲೂ ನ್ಯಾಯವಿದೆ ಎಂದು ನನಗೆ ಕಾಣುತ್ತದೆ. ಟ್ರ್ಯಾಕಿನ ಆಚೆ ಕೂತು ಫುಟ್‌ಬಾಲ್ ನೋಡುವುದು, ಜಾತ್ರೆಯ ತೇರನ್ನು ಊರಾಚೆಯ ತೆಂಗಿನ ತೋಟದಿಂದ ನೋಡಿದ ಹಾಗೆ. ಹಾಗೆಂದು ಟ್ರ್ಯಾಕನ್ನು ಕಿತ್ತರೆ ಓಡುವ ಹುಡುಗಿ ಎಲ್ಲಿ ಓಡಬೇಕು? ನೂರು ವರ್ಷದ ಹಿಂದೆ ಇದೇ ನೆಲಕ್ಕಾಗಿ ಪೋಲೊದವರಿಗೂ ತರಕಾರಿಯವರಿಗೂ ನಡೆದದ್ದು ಇದೇ ವ್ಯಾಜ್ಯ. ಈ ಸಲ ವಾದಿ ಪ್ರತಿವಾದಿ ಇಬ್ಬರೂ ಆಟದವರೇ ಎಂಬುದಷ್ಟೇ ವ್ಯತ್ಯಾಸ. 2025ರ ಜುಲೈ 5ರಂದು ಇಲ್ಲಿಯೇ ನೀರಜ್ ಚೋಪ್ರಾ ಹೆಸರಿನ ಜಾವೆಲಿನ್ ಕೂಟ ನಡೆದು, ಅವರೇ 86.18 ಮೀಟರ್ ಎಸೆದು ಗೆದ್ದರು. ಜನ ಮೆಟ್ಟಿಲು ತುಂಬಿ ಕೂತಿದ್ದರು. ಎಸೆತಕ್ಕೂ ಇಷ್ಟು ಜನ ಬರುತ್ತಾರೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಈ ಹುಲ್ಲಿನ ಮೇಲಿನ ದೊಡ್ಡ ರಾತ್ರಿ ಯಾವುದು ಎಂದು ಕೇಳಿದರೆ ಫುಟ್‌ಬಾಲಿನವರು 2016ರ ಅಕ್ಟೋಬರ್ 19 ಎನ್ನುತ್ತಾರೆ. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಝೀಮ್. ಮೊದಲು ಗೋಲು ಬಿಟ್ಟುಕೊಟ್ಟು ಆಮೇಲೆ ಮೂರು ಹೊಡೆದರು, ಎರಡು ಸುನಿಲ್ ಛೆಟ್ರಿಯವು. ಆ ಕಪ್ಪಿನ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ಬು ಅದು. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ ಒಂದು ಗೋಲಿನಿಂದ ಸೋತಿತು.

ಆದರೆ ಕರ್ನಾಟಕದ ಉಳಿದವರನ್ನು ಕೇಳಿ, ಕಂಠೀರವ ಎಂದರೆ ಅವರ ಕಣ್ಣ ಮುಂದೆ ಬರುವುದು ಬೇರೆ ದೃಶ್ಯ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರ ಪಾರ್ಥಿವ ಶರೀರವನ್ನು ಜನರ ದರ್ಶನಕ್ಕೆ ಇಟ್ಟದ್ದು ಇಲ್ಲಿ. 2018ರಲ್ಲಿ ಅಂಬರೀಶ್ ಅವರದೂ ಇಲ್ಲೇ. 2021ರ ಅಕ್ಟೋಬರ್ ಕೊನೆಗೆ ಪುನೀತ್. ನಮ್ಮ ಬೀದಿಯಿಂದ ಹುಡುಗರು ಬೈಕಿನಲ್ಲಿ ರಾತ್ರೋರಾತ್ರಿ ಹೊರಟಿದ್ದರು. ಸಾಲಿನಲ್ಲಿ ಗಂಟೆಗಟ್ಟಲೆ ನಿಂತು, ಅಪ್ಪು ಮುಖ ಒಂದು ಕ್ಷಣ ನೋಡಿ, ಮಾತಿಲ್ಲದೆ ವಾಪಸಾದರು. ಅವರಲ್ಲಿ ಒಬ್ಬನೂ ಅಲ್ಲಿ ಪಂದ್ಯ ನೋಡಿದವನಲ್ಲ. ಊರ ನಡುವೆ ದೊಡ್ಡದೊಂದು ಬಯಲು ಇದ್ದರೆ ಅದು ಆಟಕ್ಕಷ್ಟೇ ಆಗುವುದಿಲ್ಲ, ಅಳುವುದಕ್ಕೂ ಆಗುತ್ತದೆ, ಪ್ರಮಾಣವಚನಕ್ಕೂ ಆಗುತ್ತದೆ. ನಂಜನಗೂಡಿನ ರಥಬೀದಿಯೂ ಹಾಗೆಯೇ ಅಲ್ಲವೇ? ವರ್ಷಕ್ಕೊಮ್ಮೆ ಗೌತಮ ರಥ ಉರುಳುತ್ತದೆ, ಉಳಿದ ದಿನ ಹುಡುಗರ ಚೆಂಡು. ತಿ. ನರಸೀಪುರದ ಸಂಗಮದ ದಂಡೆಯಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ, ಮಿಕ್ಕಂತೆ ಬಟ್ಟೆ ಒಗೆಯುವವರು, ಈಜುವವರು. ನಂಜನಗೂಡಿಗೆ ನಗರಸಭೆ ಇದೆ, ನರಸೀಪುರಕ್ಕೆ ಪುರಸಭೆ ಇದೆ. ಎರಡೂ ಊರಿನಲ್ಲಿ ಮಕ್ಕಳು ಆಡುವುದು ಬಹುಮಟ್ಟಿಗೆ ಶಾಲೆ ಕಾಲೇಜುಗಳ ಅಂಗಳದಲ್ಲಿ. ದಸರಾ ಕ್ರೀಡಾಕೂಟ ಬಂದಾಗ ಸುಣ್ಣದ ಗೆರೆ ಎಳೆಯುತ್ತಾರೆ, ಮಳೆ ಬಂದು ಅಳಿಸುತ್ತದೆ.

2023ಕ್ಕೆ ಮರಳುತ್ತೇನೆ. ಆ ವರ್ಷದ ಮಾರ್ಚ್ 4ರಂದು ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತ್ತು, 54 ವರ್ಷಗಳ ಮೇಲೆ. ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ಎದುರು, 3-2. ನಮ್ಮ ಎರಡೂ ಊರಿನಲ್ಲಿ ಅವತ್ತು ಒಂದು ಪಟಾಕಿ ಸದ್ದೂ ಕೇಳಲಿಲ್ಲ. ಮೇ ತಿಂಗಳಲ್ಲಿ ನಾವು ಪ್ರಮಾಣವಚನಕ್ಕೆ ಹೋಗಿ ಬಂದೆವು. ಒಂದು ತಿಂಗಳು ಕಳೆದು, ಜೂನ್ 21ರಂದು, ಅದೇ ಕಂಠೀರವದಲ್ಲಿ ದಕ್ಷಿಣ ಏಷ್ಯಾ ಚಾಂಪಿಯನ್‌ಶಿಪ್ಪಿನ ಪಂದ್ಯ, ಭಾರತ ಪಾಕಿಸ್ತಾನ. ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಮೊಬೈಲನ್ನು ಚೊಂಬಿಗೆ ಒರಗಿಸಿ ನೋಡುತ್ತಿದ್ದೆ. ಛೆಟ್ರಿ ಮೂರು ಗೋಲು ಹೊಡೆದರು, ಉದಾಂತ ಒಂದು, 4-0. ಜುಲೈ 4ರಂದು ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಭಾರತ ಕಪ್ಪನ್ನೂ ಎತ್ತಿತು. ಆದರೆ ನನಗೆ ನೆನಪಿರುವುದು ಮೊದಲ ದಿನ. ಬೆಂಗಳೂರಿನಲ್ಲಿ ಮಳೆ ಹಿಡಿದಿತ್ತು, ದೀಪದ ಬೆಳಕಿನಲ್ಲಿ ಹನಿಗಳು ಗೆರೆಗೆರೆಯಾಗಿ ಕಾಣುತ್ತಿದ್ದವು.

ಎಲೆ ಅಡಿಕೆ ಹಾಕುತ್ತಿದ್ದ ದೊಡ್ಡಪ್ಪ ಬಗ್ಗಿ ನೋಡಿದರು.

“ಮೊನ್ನೆ ನಾವು ಕುರ್ಚಿ ಹಾಕ್ಕಂಡು ಕುಂತಿದ್ದ ತಾವಲ್ವಾ ಇದು?”

“ಅದೇ ದೊಡ್ಡಪ್ಪ.”

“ಕೆರೆ ಅಂಗಳ ಅಂದಿದ್ದೆ. ಇಷ್ಟ್ ಮಳೆ ಉಯ್ತಾದೆ, ನೀರೆಲ್ಲಿ? ಎತ್ಲಾಗ್ ಹೋಯ್ತು?”

ಹುಲ್ಲಿನಡಿ ಮರಳು, ಜಲ್ಲಿ, ಕೊಳವೆ ಇರುತ್ತವೆ, ನೀರು ಇಂಗಿ ಮೋರಿ ಸೇರುತ್ತದೆ ಎಂದೆ. ಅಷ್ಟಕ್ಕೆ ಬಿಡುವವರಲ್ಲ. ಆ ಮೋರಿ ಎಲ್ಲಿಗೆ? ರಾಜಕಾಲುವೆಗೆ. ರಾಜಕಾಲುವೆ? ಸಂಪಂಗಿ, ಶೂಲೆ, ಅಕ್ಕಿತಿಮ್ಮನಹಳ್ಳಿ, ಮೂರೂ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕಡೆಗೆ ಇಳಿಯುವ ನೀರಿನ ದಾರಿಯಲ್ಲಿದ್ದ ಕೆರೆಗಳು. ಅಲ್ಲಿಂದ ಬೆಳ್ಳಂದೂರು, ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ ಹೊಳೆ, ಹೊಸೂರು ಕಡೆಯಿಂದ ತಮಿಳುನಾಡು. ಈಗೀಗ ಒಂದಿಷ್ಟು ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಏರಿಸುತ್ತಾರೆ.

ಬೆಂಗಳೂರಿನವರು ಕುಡಿಯುವ ನೀರು ಮಾತ್ರ ನಮ್ಮದು, ಅದು ದೊಡ್ಡಪ್ಪನಿಗೆ ಗೊತ್ತು. ಹೆಸರಘಟ್ಟ ಸಾಲದಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿ, ಅದೂ ಸಾಲದಾಗಿ 1974ರಲ್ಲಿ ಕಾವೇರಿ. ನಂಜನಗೂಡಿನ ಸ್ನಾನಘಟ್ಟ ಮುಟ್ಟಿ ಹೊರಟ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ, ತಲಕಾಡಿನ ಮರಳು ದಾಟಿ ಮಳವಳ್ಳಿ ಸೀಮೆಗೆ ಇಳಿಯುತ್ತಾಳೆ. ಅಲ್ಲಿಂದ ತೊರೆಕಾಡನಹಳ್ಳಿಯ ಪಂಪುಗಳು ನೂರು ಕಿಲೊಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ನೂಕುತ್ತವೆ. ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್.

“ಅಂದ್ರೆ, ಇಲ್ಲಿಂದ ಹೋದ ನೀರು ಇತ್ಲಾಗೆ ನಮ್ ಹೊಳೇಗೆ ತಿರ್ಗಾ ಬರಾಕಿಲ್ಲ?”

“ಇಲ್ಲ ದೊಡ್ಡಪ್ಪ. ಆ ಕಡೆ ಇಳಿಜಾರೇ ಬೇರೆ.”

ಅವರು ಎದ್ದು ಅಂಗಳಕ್ಕೆ ಹೋಗಿ ಎಲೆ ಉಗಿದು ಬಂದರು. ಮೊಬೈಲಿನಲ್ಲಿ ಛೆಟ್ರಿ ಪೆನಾಲ್ಟಿಗೆ ಚೆಂಡು ಇಡುತ್ತಿದ್ದರು. ನೆಲ ಒದ್ದೆಯಾಗಿತ್ತು, ಬೂಟಿನ ತುದಿಯಿಂದ ಚೆಂಡಿನ ಸುತ್ತ ಹುಲ್ಲನ್ನು ಒತ್ತಿ ನೋಡಿದರು.

“ತಡಿ, ಒದೀಲಿ,” ಎಂದು ದೊಡ್ಡಪ್ಪ ನನ್ನ ಪಕ್ಕಕ್ಕೆ ಸರಿದು ಕೂತರು.